ಲಾಗ್ ಫೈಲ್ ಖಾಲಿ ಮಾಡೋಕೆ ಸರ್ವರ್ ಯಾಕ್ರೀ ನಿಲ್ಲಿಸ್ತೀರಾ?

ಮಾನ್ಯ ಸಂಪಾದಕರೇ,

ಜಿಲ್ಲಾ ಪುಟದಲ್ಲಿ ಆಗಾಗ 'ಸರ್ವರ್ ಡೌನ್, ಜನರ ಪರದಾಟ' ಅಂತ ಒಂದು ಸುದ್ದಿ ಇದ್ದೇ ಇರುತ್ತೆ, ಫೋಟೋದಲ್ಲಿ ಕ್ಯೂ ನಿಂತಿರೋ ಜನ, ಕೊನೇಲಿ 'ತಾಂತ್ರಿಕ ದೋಷ ಸರಿಪಡಿಸಲಾಗುವುದು' ಅಂತ ಒಂದು ಸಾಲು, ಅಲ್ಲಿಗೆ ಮುಗೀತು. ಆ ತಾಂತ್ರಿಕ ದೋಷ ಏನಪ್ಪಾ ಅಂತ ಕೇಳೋರೂ ಇಲ್ಲ ಹೇಳೋರೂ ಇಲ್ಲ. ಎಲ್ಲಾ ಸಲ ಒಂದೇ ಕಾರಣ ಇರಲ್ಲ, ಕರೆಂಟ್ ಹೋಗಿರುತ್ತೆ, ಮಳೇಲಿ ಮರ ಬಿದ್ದು ಫೈಬರ್ ಕಟ್ ಆಗಿರುತ್ತೆ, ಒಪ್ಕೋತೀನಿ. ಆದ್ರೆ ನಾನು ಚಿಕ್ಕಮಗಳೂರಲ್ಲಿ ಕೂತ್ಕೊಂಡು ಹೋಂಸ್ಟೇಯವರು, ಕಾಫಿಪುಡಿ ಮಾರೋರು, ಒಂದೆರಡು ಸೊಸೈಟಿ ಇಂಥವರ ವೆಬ್‌ಸೈಟ್ ಸರ್ವರ್ ನೋಡ್ಕೊಳ್ಳೋನು, ನನ್ನ ಕಣ್ಣಿಗೆ ಬಿದ್ದಿರೋ ಕಾರಣಗಳಲ್ಲಿ ತೀರಾ ನಾಚಿಕೆಗೇಡಿಂದು ಅಂದ್ರೆ ಇದು: ಲಾಗ್ ಫೈಲ್ ಬೆಳೆದೂ ಬೆಳೆದೂ ಡಿಸ್ಕ್ ತುಂಬೋಗಿರುತ್ತೆ, ಇಲ್ಲಾಂದ್ರೆ ಆ ಲಾಗ್ ಖಾಲಿ ಮಾಡ್ತೀನಿ ಅಂತ ಯಾರೋ ಪುಣ್ಯಾತ್ಮರು ಸರ್ವರ್ರನ್ನೇ ನಿಲ್ಲಿಸಿರ್ತಾರೆ. ಎರಡೂ ಆಗಬೇಕಾಗಿಲ್ಲ. ಓಡ್ತಿರೋ ಸರ್ವರ್ ಓಡ್ತಾನೇ ಇರಲಿ, ಹಳೇ ಲಾಗ್ ಪಕ್ಕಕ್ಕೆ ಎತ್ತಿಟ್ಟು ಹೊಸ ಲಾಗ್ ಶುರು ಮಾಡೋ ದಾರಿ ಆ ಸಾಫ್ಟ್‌ವೇರ್ ಒಳಗೇ ಇದೆ, ಅದೂ ಪುಕ್ಕಟೆ, ಕೇಳಬೇಕಷ್ಟೇ. ಇದನ್ನ ಪತ್ರಿಕೆಗೆ ಯಾಕೆ ಬರೀತಿದೀನಿ ಅಂದ್ರೆ ದುಡ್ಡು ಕೊಡೋರು ಓದ್ತಾರೆ ಅಂತ, ಸರ್ವರ್ ನೋಡ್ಕೊಳ್ಳೋರಿಗೆ ಹೇಳಿ ಹೇಳಿ ಸಾಕಾಗಿದೆ.

ಲಾಗ್ ಅಂದ್ರೆ ಏನು ಅಂತ ಗೊತ್ತಿಲ್ದೋರಿಗೆ ಒಂದ್ಮಾತು. ವೆಬ್‌ಸೈಟಿಗೆ ಬಂದ ಪ್ರತಿಯೊಂದು ರಿಕ್ವೆಸ್ಟಿಗೂ ಸರ್ವರ್ ಒಂದು ಸಾಲು ಬರ್ಕೊಳ್ಳುತ್ತೆ, ಯಾವ ಐಪಿ ಅಡ್ರೆಸ್, ಎಷ್ಟೊತ್ತಿಗೆ ಬಂದ್ರು, ಯಾವ ಪೇಜ್ ಕೇಳಿದ್ರು, ಸಿಕ್ತಾ ಇಲ್ವಾ, ಎಷ್ಟು ಬೈಟ್ ಕಳಿಸಿದ್ದಾಯ್ತು, ಯಾವ ಬ್ರೌಸರ್ ಅಂತ. ಒಂದು ಸಾಲು ಸುಮಾರು 200 ಬೈಟ್ ಅಂತಿಟ್ಕೊಳ್ಳಿ. ಏನ್ ಮಹಾ ಅನ್ಸುತ್ತೆ ಅಲ್ವಾ, ಆದ್ರೆ ಒಬ್ಬ ಮನುಷ್ಯ ಹೋಂಸ್ಟೇ ಪೇಜ್ ತೆಗೆದ್ರೆ ಒಂದು ಸಾಲಲ್ಲ, ಅದರಲ್ಲಿರೋ ಒಂದೊಂದು ಫೋಟೋಗೂ ಒಂದೊಂದು ಸಾಲು, ನಮ್ಮವರು ಮಂಜು, ತೋಟ, ಕ್ಯಾಂಪ್‌ಫೈರ್, ಅಕ್ಕಿರೊಟ್ಟಿ ಎಲ್ಲಾ ಫೋಟೋ ಒಂದೇ ಪೇಜಿಗೆ ತುಂಬಿಸಿರ್ತಾರೆ ಬೇರೆ. ಅದರ ಮೇಲೆ ಬಾಟ್‌ಗಳ (ತಾವಾಗೇ ಸೈಟ್‌ಗಳನ್ನ ಸುತ್ತೋ ಪ್ರೋಗ್ರಾಮ್‌ಗಳ) ಕಾಟ, ನಿಮ್ಮ ಸೈಟ್ ವರ್ಡ್‌ಪ್ರೆಸ್ (ವೆಬ್‌ಸೈಟ್ ಮಾಡೋ ಸಾಫ್ಟ್‌ವೇರ್) ಆಗಿರಲಿ ಬಿಡಲಿ ವರ್ಡ್‌ಪ್ರೆಸ್ ಲಾಗಿನ್ ಪೇಜ್ ಹುಡುಕ್ಕೊಂಡು ಹಗಲೂ ರಾತ್ರಿ ಬರ್ತಾನೇ ಇರ್ತವೆ, ಅದಕ್ಕೂ ಒಂದೊಂದು ಸಾಲು. ದಿನಕ್ಕೆ 10 ಲಕ್ಷ ರಿಕ್ವೆಸ್ಟ್ ಅಂದ್ರೆ 200 ಎಂಬಿ, 100 ದಿನಕ್ಕೆ 20 ಜಿಬಿ, ನಮ್ಮ ಕಡೆ ಜನ ಬಾಡಿಗೆಗೆ ತಗೊಳ್ಳೋ ಅಗ್ಗದ ಸರ್ವರ್‌ಗಳಲ್ಲಿ ಎಷ್ಟೋ ಸಲ ಪೂರ್ತಿ ಡಿಸ್ಕೇ ಅಷ್ಟಿರುತ್ತೆ.

ಇನ್ನೊಂದು ವಿಷ್ಯ ನೋಡಿ, ಲಾಗ್ ಜೋರಾಗಿ ಬೆಳೆಯೋದು ಯಾವಾಗ? ಜನ ಜಾಸ್ತಿ ಬಂದಾಗ. ದಸರಾ ರಜೆ, ದೀಪಾವಳಿಗೆ ದೇವೀರಮ್ಮನ ಬೆಟ್ಟ, ಡಿಸೆಂಬರಲ್ಲಿ ದತ್ತ ಜಯಂತಿ, ಅದರ ಹಿಂದೇನೇ ಕ್ರಿಸ್‌ಮಸ್ ರಜೆ, ಹಾಸನದವರಿಗೆ ಹಾಸನಾಂಬೆ ಬಾಗಿಲು ತೆಗೆಯೋ ದಿನಗಳು. ಹಾಗಾಗಿ ಡಿಸ್ಕ್ ತುಂಬೋದೂ ಬುಕಿಂಗ್ ಬರೋ ಹೊತ್ತಲ್ಲೇ, ಸಾಮಾನ್ಯವಾಗಿ ಶುಕ್ರವಾರ ಸಾಯಂಕಾಲ. ತುಂಬಿದ್ಮೇಲೆ ಲಾಗ್ ಬರೆಯೋದು ನಿಂತ್ರೆ ಪರ್ವಾಗಿಲ್ಲ ಅನ್ಬಹುದಿತ್ತು, ಆದ್ರೆ ಅದೇ ಡಿಸ್ಕಲ್ಲಿ ಡೇಟಾಬೇಸ್ ಇರುತ್ತೆ, ಲಾಗಿನ್ ಆದೋರ ಸೆಷನ್ ಫೈಲ್ ಇರುತ್ತೆ, ಅಪ್‌ಲೋಡ್ ಮಾಡೋ ಆಧಾರ್ ಫೋಟೋ ಬಂದು ಬೀಳೋದೂ ಅಲ್ಲೇ, ಎಲ್ಲಾ ಒಟ್ಟಿಗೆ ಕೈ ಎತ್ತುತ್ತವೆ, ಗಿರಾಕಿಗೆ ಕಾಣೋದು ಬಿಳೀ ಪರದೆ ಮೇಲೆ 500 ಎರರ್ ಅಂತ.

ಆಗ ಏನ್ ಮಾಡ್ತಾರೆ ಅಂದ್ರೆ, ಯಾರೋ ಹುಡುಗನಿಗೆ ಫೋನ್ ಮಾಡ್ತಾರೆ, ಅವನು ಲಾಗಿನ್ ಆಗಿ ನೋಡ್ತಾನೆ, 14 ಜಿಬಿ ಇರೋ ಒಂದು ಲಾಗ್ ಫೈಲ್ ಕಾಣುತ್ತೆ, ಅಳಿಸ್ತಾನೆ. ಆಮೇಲೆ ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳೋ ಡಿಎಫ್ ಕಮಾಂಡ್ ಹಾಕಿ ನೋಡಿದ್ರೆ ಡಿಸ್ಕ್ ಇನ್ನೂ 100% ಅಂತಾನೇ ತೋರಿಸ್ತಿದೆ! ಫೋಲ್ಡರಲ್ಲಿರೋ ಫೈಲ್‌ಗಳನ್ನ ಅಳೆಯೋ ಡಿಯು ಹಾಕಿದ್ರೆ ಫೋಲ್ಡರ್ ಖಾಲಿ ಅನ್ನುತ್ತೆ, ಡಿಎಫ್ ಹಾಕಿದ್ರೆ ತುಂಬಿದೆ ಅನ್ನುತ್ತೆ, ಹುಡುಗ ತಲೆ ಕೆರ್ಕೊಂಡು ಸರ್ವರ್ ರೀಸ್ಟಾರ್ಟ್ ಮಾಡ್ತಾನೆ, ಜಾಗ ವಾಪಸ್ ಬರುತ್ತೆ. ಅಲ್ಲಿಂದ ಶುರು ನೋಡಿ, ರೀಸ್ಟಾರ್ಟ್ ಮಾಡಿದ್ರೆ ಸರಿಹೋಗುತ್ತೆ ಅನ್ನೋದು ಆ ಆಫೀಸಿನ ವೇದವಾಕ್ಯ ಆಗಿಬಿಡುತ್ತೆ, ಕೊನೆಗೆ ದಿನಾ ರಾತ್ರಿ 3 ಗಂಟೆಗೆ ತಾನಾಗೇ ರೀಸ್ಟಾರ್ಟ್ ಆಗೋ ಹಂಗೆ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸೋ ಪ್ರೋಗ್ರಾಮ್) ಒಂದು ಸಾಲು ಹಾಕಿಟ್ಟು ಕೈತೊಳ್ಕೊಳ್ತಾರೆ.

ಜಾಗ ಯಾಕೆ ಬರಲಿಲ್ಲ ಅನ್ನೋದು ಸ್ವಲ್ಪ ಬಿಡಿಸಿ ಹೇಳ್ತೀನಿ, ಇಡೀ ಕಥೆ ಇರೋದೇ ಅಲ್ಲಿ. ಲಿನಕ್ಸಲ್ಲಿ (ಇಂಥ ಸರ್ವರ್‌ಗಳನ್ನ ಓಡಿಸೋ ಆಪರೇಟಿಂಗ್ ಸಿಸ್ಟಂ) ಫೈಲಿನ ಹೆಸರು ಬೇರೆ, ಫೈಲ್ ಬೇರೆ. ಹೆಸರು ಫೋಲ್ಡರಲ್ಲಿ ಇರುತ್ತೆ, ಅದು ಐನೋಡ್ ಅನ್ನೋ ಒಂದು ನಂಬರ್ ಕಡೆ ಕೈ ತೋರಿಸುತ್ತೆ ಅಷ್ಟೇ, ಅಸಲಿ ಫೈಲ್ ಅಂದ್ರೆ ಆ ಐನೋಡು. ಸರ್ವರ್ ಶುರುವಾಗೋವಾಗ ಹೆಸರು ಹಿಡಿದು ಒಂದೇ ಒಂದು ಸಲ ಫೈಲ್ ತೆಗೆಯುತ್ತೆ, ಆಮೇಲೆ ಅದಕ್ಕೆ ಹೆಸರಿನ ಹಂಗಿಲ್ಲ, ಐನೋಡನ್ನ ಕೈಯಲ್ಲಿ ಹಿಡ್ಕೊಂಡೇ ಬರೀತಾ ಇರುತ್ತೆ. ತೋಟದಲ್ಲಿ ರೈಟರ್ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೀತಾ ಕೂತಿದಾನೆ ಅಂದ್ಕೊಳ್ಳಿ, ನೀವು ಹೋಗಿ ಪುಸ್ತಕದ ರಟ್ಟಿನ ಮೇಲಿದ್ದ ಚೀಟಿ ಕಿತ್ತು 'ಹಳೇದು' ಅಂತ ಬೇರೆ ಚೀಟಿ ಅಂಟಿಸಿದ್ರೆ ಅವನಿಗೇನಾಗ್ಬೇಕು, ಅವನ ಕೈಕೆಳಗಿರೋದು ಅದೇ ಪುಸ್ತಕ, ಅದರಲ್ಲೇ ಬರೀತಾನೆ, 'ಇದು ಸಾಕು, ಹೊಸಾ ಪುಸ್ತಕ ತಗೊಳ್ಳಪ್ಪಾ' ಅಂತ ಹೇಳೋವರೆಗೂ. ಚೀಟಿ ಪೂರ್ತಿ ಕಿತ್ತು ಬಿಸಾಕಿದ್ರೂ ಅಷ್ಟೇ. ಆ ಹುಡುಗ ಅಳಿಸಿದ್ದು ಹೆಸರನ್ನ ಮಾತ್ರ, ಸರ್ವರ್ ಕೈಯಲ್ಲಿ ಫೈಲ್ ತೆರೆದೇ ಇದ್ದದ್ದಕ್ಕೆ 14 ಜಿಬಿ ಹಂಗೇ ಉಳೀತು, ಇನ್ನೂ ಬೆಳೀತಾನೂ ಇತ್ತು! ರೀಸ್ಟಾರ್ಟ್ ಮಾಡಿದಾಗ ಕೈ ಬಿಡ್ತು, ಜಾಗ ಬಂತು. ಇಂಥ ಹೆಸರಿಲ್ಲದ ಫೈಲ್ ಯಾವ ಪ್ರೋಸೆಸ್ (ಅಂದ್ರೆ ಓಡ್ತಿರೋ ಪ್ರೋಗ್ರಾಮ್) ಹಿಡ್ಕೊಂಡು ಕೂತಿದೆ ಅಂತ ಎಲ್‌ಎಸ್‌ಒಎಫ್ ಕಮಾಂಡ್ ತೋರಿಸುತ್ತೆ, 'ಡಿಲೀಟೆಡ್' ಅಂತ ಪಕ್ಕದಲ್ಲೇ ಬರೆದಿರುತ್ತೆ, ರೀಸ್ಟಾರ್ಟ್ ಮಾಡೋಕೆ ಮುಂಚೆ ಅದನ್ನೊಂದು ನೋಡೋ ತಾಳ್ಮೆ ಬೇಕು ಅಷ್ಟೇ.

ಈಗ ಸರಿಯಾದ ದಾರಿ. ಎರಡೇ ಹೆಜ್ಜೆ. ಮೊದಲು ಲಾಗ್ ಫೈಲಿನ ಹೆಸರು ಬದಲಾಯಿಸಿ, ಸರ್ವರ್ ಏನೂ ಗೊತ್ತಾಗದೆ ಅದೇ ಫೈಲಿಗೆ ಬರೀತಾ ಇರುತ್ತೆ, ಒಂದು ಸಾಲೂ ಕಳೆದುಹೋಗಲ್ಲ. ಆಮೇಲೆ ಸರ್ವರಿಗೆ ಒಂದು ಸಿಗ್ನಲ್ (ಓಡ್ತಿರೋ ಪ್ರೋಗ್ರಾಮಿಗೆ ಕಳಿಸೋ ಸಣ್ಣ ಸನ್ನೆ) ಕೊಡಿ, ಲಾಗ್ ಫೈಲ್ ಮತ್ತೆ ತೆಗಿ ಅಂತ. ಎಂಜಿನ್‌ಎಕ್ಸ್‌ನಲ್ಲಾದ್ರೆ (ಇದೂ ಮುಂದೆ ಬರೋ ಅಪಾಚೆಯೂ ವೆಬ್‌ಸೈಟ್ ಪೇಜ್ ಕಳಿಸೋ ಸರ್ವರ್ ಸಾಫ್ಟ್‌ವೇರ್‌ಗಳು) ಮೇಸ್ತ್ರಿ ಥರ ಇರೋ ಮಾಸ್ಟರ್ ಪ್ರೋಸೆಸ್‌ಗೆ ಯುಎಸ್‌ಆರ್‌1 ಅನ್ನೋ ಸಿಗ್ನಲ್, ಅದು ಹಳೇ ಹೆಸರಲ್ಲಿ ಹೊಸ ಫೈಲ್ ತೆಗೆದು ಅದರ ಕೈಕೆಳಗೆ ಕೆಲಸ ಮಾಡೋ ವರ್ಕರ್ ಪ್ರೋಸೆಸ್‌ಗಳಿಗೂ ಹೇಳುತ್ತೆ, ಅವು ಕೂಡ್ಲೇ ಹೊಸದು ತೆಗೆದು ಹಳೇದು ಮುಚ್ಚುತ್ತವೆ. ಆ ಹೊತ್ತಲ್ಲಿ ಯಾರಾದ್ರೂ ಫಾರ್ಮ್ ತುಂಬ್ತಿದ್ರೆ, ದುಡ್ಡು ಕಟ್ತಿದ್ರೆ, ಅವರಿಗೆ ಏನೂ ಗೊತ್ತಾಗಲ್ಲ, ಕನೆಕ್ಷನ್ ಕಟ್ ಆಗಲ್ಲ. ಮುಂಚೆ ಹೇಳಿದ ಅಳಿಸಿದ ಫೈಲ್ ಕೇಸಲ್ಲೂ ಇದೊಂದು ಸಿಗ್ನಲ್ ಕೊಟ್ಟಿದ್ರೆ ಜಾಗ ವಾಪಸ್ ಬರ್ತಿತ್ತು, ರೀಸ್ಟಾರ್ಟ್ ಮಾತೇ ಬೇಡ.

ಅಪಾಚೆಲಿ ಸ್ವಲ್ಪ ವ್ಯತ್ಯಾಸ ಇದೆ. ಅಲ್ಲೂ ಯುಎಸ್‌ಆರ್‌1 ಕೊಟ್ರೆ 'ಗ್ರೇಸ್‌ಫುಲ್' ರೀಸ್ಟಾರ್ಟ್ ಆಗುತ್ತೆ, ಅಂದ್ರೆ ಕೆಲಸ ಮಾಡ್ತಿರೋ ಚೈಲ್ಡ್ ಪ್ರೋಸೆಸ್‌ಗಳು ಕೈಯಲ್ಲಿರೋ ರಿಕ್ವೆಸ್ಟ್ ಮುಗಿಸಿಯೇ ಹೋಗ್ತವೆ, ಅವುಗಳ ಜಾಗಕ್ಕೆ ಹೊಸವು ಬರ್ತವೆ. ಆದ್ರೆ ಹೋಗೋವರೆಗೂ ಹಳೇ ಲಾಗಿಗೇ ಬರೀತಿರ್ತವೆ, ಯಾರೋ ನೆಟ್‌ವರ್ಕ್ ಸರಿಯಿಲ್ಲದ ಊರಲ್ಲಿ ಕೂತು ದೊಡ್ಡ ಫೈಲ್ ಡೌನ್‌ಲೋಡ್ ಮಾಡ್ತಿದ್ರೆ ಅದು ಮುಗಿಯೋವರೆಗೂ. ಅದಕ್ಕೇ ಹೆಸರು ಬದಲಾಯಿಸಿದ ತಕ್ಷಣ ಹಳೇ ಫೈಲ್ ಕಂಪ್ರೆಸ್ ಮಾಡೋಕೆ ಹೋಗ್ಬಾರ್ದು, ಕಾಯಬೇಕು. ಅಪಾಚೆಯವರೇ ಕೊಟ್ಟಿರೋ ಉದಾಹರಣೆಯಲ್ಲಿ 600 ಸೆಕೆಂಡ್ ಕಾದು ಆಮೇಲೆ ಕಂಪ್ರೆಸ್ ಮಾಡ್ತಾರೆ. ಅದೇ ಅಪಾಚೆಗೆ ಯುಎಸ್‌ಆರ್‌1 ಬದ್ಲು ಎಚ್‌ಯುಪಿ ಕೊಟ್ರೆ ಚೈಲ್ಡ್ ಪ್ರೋಸೆಸ್‌ಗಳನ್ನ ಕೆಲಸ ಅರ್ಧಕ್ಕೇ ಬಿಡಿಸಿ ಕಳಿಸುತ್ತೆ, ಎಂಜಿನ್‌ಎಕ್ಸಿಗೆ ಎಚ್‌ಯುಪಿ ಕೊಟ್ರೆ ಕಾನ್ಫಿಗ್ (ಸೆಟ್ಟಿಂಗ್ ಬರೆದಿಟ್ಟಿರೋ ಫೈಲ್) ಮತ್ತೆ ಓದಿ ಮೆತ್ತಗೆ ಬದಲಾಗುತ್ತೆ. ಒಂದೇ ಸಿಗ್ನಲ್ಲು, ಒಂದೊಂದು ಕಡೆ ಒಂದೊಂದು ಅರ್ಥ. ಇದನ್ನ ಒತ್ತಿ ಹೇಳೋದು ಯಾಕಂದ್ರೆ ಎಲ್ಲಿಂದಲೋ ಕಾಪಿ ಹೊಡೆದ ಸಾಲನ್ನ ಕಂಡ ಕಂಡ ಪ್ರೋಗ್ರಾಮಿಗೆಲ್ಲ ಹಾಕ್ತಾರೆ; ಯುಎಸ್‌ಆರ್‌1 ಬಂದ್ರೆ ಏನ್ ಮಾಡ್ಬೇಕು ಅಂತ ಬರೆದಿಟ್ಟಿಲ್ಲದ ಪ್ರೋಗ್ರಾಮು ಆ ಸಿಗ್ನಲ್ ಬಂದ ಕೂಡ್ಲೇ ಸತ್ತೇ ಹೋಗುತ್ತೆ, ಜಾವಾಸ್ಕ್ರಿಪ್ಟ್ ಪ್ರೋಗ್ರಾಮ್ ಓಡಿಸೋ ನೋಡ್.ಜೆಎಸ್ ಆದ್ರೆ ತಪ್ಪು ಹುಡುಕೋ ಡೀಬಗ್ಗರ್ ತೆಗೆದು ಕೂತ್ಕೊಳ್ಳುತ್ತೆ. ಓದಿ ಹಾಕಿ ಸ್ವಾಮಿ.

ಇದನ್ನ ದಿನಾ ಕೈಯಲ್ಲಿ ಮಾಡ್ಬೇಕಾ ಅಂದ್ರೆ ಬೇಡ, ಲಾಗ್‌ರೊಟೇಟ್ ಅನ್ನೋ ಸಣ್ಣ ಪ್ರೋಗ್ರಾಮ್ ಎಷ್ಟೋ ವರ್ಷದಿಂದ ಇದೆ, ಬಹುತೇಕ ಎಲ್ಲಾ ಲಿನಕ್ಸ್ ಸರ್ವರಲ್ಲೂ ಬಂದಿರುತ್ತೆ. ಡೆಬಿಯನ್, ಉಬುಂಟು ಅನ್ನೋ ಲಿನಕ್ಸ್‌ಗಳಲ್ಲಿ ಎಂಜಿನ್‌ಎಕ್ಸ್, ಅಪಾಚೆ ಹಾಕಿದ್ರೆ ಅದರ ಜೊತೆಗೇ ಲಾಗ್‌ರೊಟೇಟ್ ಫೈಲೂ ಬರುತ್ತೆ, ದಿನಾ ತಿರುಗಿಸು (ಅಂದ್ರೆ ಹಳೇ ಲಾಗ್ ಎತ್ತಿಟ್ಟು ಹೊಸದು ಶುರು ಮಾಡು), 14 ಹಳೇವು ಇಟ್ಕೋ, ಕಂಪ್ರೆಸ್ ಮಾಡು ಆದ್ರೆ ಒಂದು ಸರದಿ ತಡೆದು ಮಾಡು, ಕೊನೇಲಿ ಸರ್ವರಿಗೆ ಹೇಳು, ಎಲ್ಲಾ ಬರೆದಿಟ್ಟಿರ್ತಾರೆ. ಹಂಗಾದ್ರೆ ಡಿಸ್ಕ್ ತುಂಬೋದ್ಯಾಕೆ ಅಂತ ನೀವು ಕೇಳ್ಬಹುದು. ನಾನು ಕಂಡಿರೋದು ಇದು: ಆ ಫೈಲ್ ನೋಡ್ಕೊಳ್ಳೋದು ಅದರ ಮಾಮೂಲಿ ಲಾಗ್ ಫೋಲ್ಡರ್ ಮಾತ್ರ, ವೆಬ್‌ಸೈಟ್ ಮಾಡ್ಕೊಟ್ಟೋರು ಒಂದೊಂದು ಗಿರಾಕಿಗೂ ಬೇರೆ ಬೇರೆ ಫೋಲ್ಡರ್ ಮಾಡಿ ಲಾಗ್ ಅಲ್ಲಿ ಬೀಳೋ ಹಂಗೆ ಮಾಡಿರ್ತಾರೆ, ಲಾಗ್‌ರೊಟೇಟಿಗೆ ಆ ಜಾಗ ಇದೆ ಅನ್ನೋದೇ ಗೊತ್ತಿರಲ್ಲ. ಇಲ್ಲಾ, ಆ ಫೋಲ್ಡರಿಗೆ ಎಲ್ಲರೂ ಬರೆಯೋ ಹಂಗೆ 777 ಪರ್ಮಿಷನ್ ಕೊಟ್ಟಿರ್ತಾರೆ (ನಮ್ಮಲ್ಲಿ ಏನೇ ಕೆಟ್ರೂ ಮೊದಲನೇ ಮದ್ದು ಇದೇ), ಇಂಥ ಫೋಲ್ಡರ್ ಸೇಫ್ ಅಲ್ಲ ಅಂತ ಲಾಗ್‌ರೊಟೇಟ್ ಅದನ್ನ ಮುಟ್ಟದೇ ಮುಂದಕ್ಕೆ ಹೋಗುತ್ತೆ, ಎರರ್ ಹೇಳುತ್ತೆ, ಓದೋರ್ಯಾರು. ಇನ್ನೊಂದು, '100 ಎಂಬಿ ಆದ್ರೆ ತಿರುಗಿಸು' ಅಂತ ಬರೆದು ನಿಶ್ಚಿಂತೆಯಾಗಿರ್ತಾರೆ, ಆದ್ರೆ ಲಾಗ್‌ರೊಟೇಟ್ ಇಡೀ ದಿನ ಕಾವಲು ಕೂತಿರಲ್ಲ, ಅದನ್ನ ಓಡಿಸಿದಾಗ ಮಾತ್ರ ಅಳತೆ ನೋಡುತ್ತೆ, ದಿನಕ್ಕೊಂದ್ಸಲ ಓಡಿದ್ರೆ ಮಧ್ಯದಲ್ಲಿ ಫೈಲ್ 10 ಜಿಬಿ ಆದ್ರೂ ಕೇಳೋರಿಲ್ಲ. ಸೀಸನ್ನಲ್ಲಿ ಗಂಟೆಗೊಂದ್ಸಲ ಓಡೋ ಹಂಗೆ ಮಾಡ್ಕೊಳ್ಳಿ. ಡಾಕರ್ (ಪ್ರೋಗ್ರಾಮ್‌ಗಳನ್ನ ಕಂಟೇನರ್ ಅನ್ನೋ ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸೋ ಸಾಫ್ಟ್‌ವೇರ್) ಹಾಕಿದೋರೂ ನೋಡ್ಕೊಳ್ಳಿ, ಅದರ ಮಾಮೂಲಿ ಸೆಟ್ಟಿಂಗಲ್ಲಿ ಕಂಟೇನರ್ ಲಾಗಿಗೆ ಮಿತಿಯೇ ಇಲ್ಲ, ನೀವೇ ಹಾಕ್ಬೇಕು.

ಕೆಲವು ಪ್ರೋಗ್ರಾಮ್‌ಗಳು ಫೈಲ್ ಮತ್ತೆ ತೆಗಿ ಅಂದ್ರೆ ಕೇಳೋದೇ ಇಲ್ಲ. ಅಂಥವಕ್ಕೆ ಕಾಪಿಟ್ರಂಕೇಟ್ ಅಂತ ಒಂದು ಆಪ್ಷನ್ ಇದೆ, ಫೈಲನ್ನ ಬೇರೆ ಕಡೆ ನಕಲು ಮಾಡಿ ಅಸಲನ್ನ ಇದ್ದಲ್ಲೇ ಸೊನ್ನೆ ಮಾಡೋದು. ಬಹಳ ಜನ ಎಲ್ಲಾದಕ್ಕೂ ಇದನ್ನೇ ಹಾಕ್ತಾರೆ, ನನಗೆ ಇಷ್ಟ ಇಲ್ಲ. ನಕಲು ಮುಗಿದು ಸೊನ್ನೆ ಮಾಡೋ ಮಧ್ಯೆ ಬಂದ ಸಾಲುಗಳು ಹೋದಂಗೇ, ರಶ್ ಇರೋ ಹೊತ್ತಲ್ಲಿ ಅದು ಕಡಿಮೆ ಏನಲ್ಲ. ನಕಲು ಮಾಡೋಕೆ ಅಷ್ಟೇ ಜಾಗನೂ ಬೇಕು, ಡಿಸ್ಕ್ ತುಂಬಿದ್ಮೇಲೆ ಎಲ್ಲಿಂದ ತರ್ತೀರಾ? ಎಂಜಿನ್‌ಎಕ್ಸ್, ಅಪಾಚೆ ಎರಡಕ್ಕೂ ಇದು ಬೇಡವೇ ಬೇಡ. ಅಪಾಚೆಯವರಿಗೆ ಇನ್ನೂ ಸಲೀಸಾದ ದಾರಿ ಬೇಕಂದ್ರೆ ಅದರ ಜೊತೆಗೇ ಬರೋ ರೊಟೇಟ್‌ಲಾಗ್ಸ್ ಅನ್ನೋ ಪ್ರೋಗ್ರಾಮಿಗೆ ಪೈಪ್ ಮೂಲಕ ಲಾಗ್ ಕಳ್ಸಿ 86400 ಅಂತ ಕೊಡಿ, ಅಂದ್ರೆ ದಿನಕ್ಕೆ ಅಷ್ಟು ಸೆಕೆಂಡ್, ಅದೇ ದಿನಾ ಹೊಸ ಫೈಲ್ ತೆಗೆಯುತ್ತೆ, ಅಪಾಚೆಯನ್ನ ಮುಟ್ಟೋದೇ ಇಲ್ಲ. ಹಂಗೇ ಹೆಸರು ಬದಲಾಯಿಸೋವಾಗ ಅದೇ ಡಿಸ್ಕಲ್ಲಿ ಇಟ್ಕೊಳ್ಳಿ, ಬೇರೆ ಡಿಸ್ಕಿಗೆ ಒಯ್ದ್ರೆ ಅದು ಹೆಸರು ಬದಲಾಯಿಸಿದ್ದಲ್ಲ, ನಕಲು ಮಾಡಿ ಅಳಿಸಿದ್ದು, ಮತ್ತೆ ಅದೇ ಹಳೇ ರಾಮಾಯಣ.

ರಾತ್ರಿ 3 ಗಂಟೆಗೆ ಒಂದ್ನಿಮಿಷ ನಿಂತ್ರೆ ಯಾರಪ್ಪನ ಗಂಟು ಹೋಗುತ್ತೆ ಅಂತ ಕೇಳೋರಿಗೆ ಹೇಳ್ಬೇಕು. ನಮ್ಮ ರಾತ್ರಿ 3 ಗಂಟೆ ಅಂದ್ರೆ ಅಮೆರಿಕದಲ್ಲಿ ಹಗಲು, ಅಲ್ಲಿರೋ ನಮ್ಮೂರಿನ ಮಕ್ಕಳೇ ಅಪ್ಪ ಅಮ್ಮಂಗೆ ಅಂತ ರೂಂ ಬುಕ್ ಮಾಡೋದು, ಕಾಫಿಪುಡಿ ತರಿಸೋದು. ಗಿರಾಕಿ ದುಡ್ಡು ಕಟ್ಟಿದ್ಮೇಲೆ ಪೇಮೆಂಟ್ ಕಂಪನಿಯವರ ಕಡೆಯಿಂದ 'ದುಡ್ಡು ಬಂತು' ಅಂತ ನಿಮ್ಮ ಸರ್ವರಿಗೆ ಒಂದು ಸಂದೇಶ ಬರುತ್ತೆ, ಅದು ಬರೋ ಹೊತ್ತಿಗೆ ಸರ್ವರ್ ಬಾಗಿಲು ಹಾಕಿದ್ರೆ ಗಿರಾಕಿ ಖಾತೇಲಿ ದುಡ್ಡು ಕಟ್ ಆಗಿರುತ್ತೆ, ನಿಮ್ಮಲ್ಲಿ ಬುಕಿಂಗ್ ಇರಲ್ಲ, ಬೆಳಿಗ್ಗೆ ಬೈಸ್ಕೊಳ್ಳೋರು ರಿಸೆಪ್ಷನಲ್ಲಿ ಕೂತಿರೋ ಹುಡುಗಿ. ಇದಕ್ಕಿಂತ ನನಗೆ ಭಯ ಇರೋದು ಇನ್ನೊಂದಕ್ಕೆ: ರೀಸ್ಟಾರ್ಟ್ ಅಂದ್ರೆ ಕಾನ್ಫಿಗ್ ಫೈಲನ್ನ ಮೊದಲಿಂದ ಓದೋದು. ಯಾವತ್ತೋ ಯಾರೋ ಒಂದು ಸೆಮಿಕೋಲನ್ ಬಿಟ್ಟು ಸೇವ್ ಮಾಡಿ ಹೋಗಿರ್ತಾರೆ, ಓಡ್ತಿರೋ ಸರ್ವರಿಗೆ ಅದು ಗೊತ್ತಿಲ್ಲ, ಚೆನ್ನಾಗೇ ಓಡ್ತಿರುತ್ತೆ, ರೀಸ್ಟಾರ್ಟಿಗೆ ನಿಂತದ್ದು ಮತ್ತೆ ಏಳೋದೇ ಇಲ್ಲ, 3 ಗಂಟೆಗೆ ಬಿದ್ದದ್ದು 9 ಗಂಟೆಗೆ ಯಾರೋ ಆಫೀಸಿಗೆ ಬಂದು ನೋಡೋವರೆಗೂ ಬಿದ್ದೇ ಇರುತ್ತೆ. ಎಂಜಿನ್‌ಎಕ್ಸಲ್ಲಿ ಲಾಗ್ ಮತ್ತೆ ತೆಗೆಯೋ ಸಿಗ್ನಲ್ ಕಾನ್ಫಿಗ್ ಓದೋಕೇ ಹೋಗಲ್ಲ, ಅಷ್ಟು ನಿರಪಾಯ. ಅಪಾಚೆ ಗ್ರೇಸ್‌ಫುಲ್ ಮಾತ್ರ ಓದುತ್ತೆ, ಅದಕ್ಕೆ ಮುಂಚೆ ಕಾನ್ಫಿಗ್‌ಟೆಸ್ಟ್ ಮಾಡಿಸಿ.

ಇನ್ನು ಕೆಲವರು ಇದೆಲ್ಲ ರಗಳೆ ಯಾಕೆ, ಲಾಗೇ ಬೇಡ, ಆಫ್ ಮಾಡಿಬಿಡಿ ಅಂತಾರೆ. ಕಾನೂನು ಅಂತ ಒಂದಿದೆ ಸ್ವಾಮಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೇವೆ ಕೊಡೋರು, ಡೇಟಾ ಸೆಂಟರ್‌ಗಳು, ಕಂಪನಿಗಳು, ಸರ್ಕಾರಿ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗನ್ನ 180 ದಿನ, ಅದೂ ಭಾರತದೊಳಗೇ, ಜೋಪಾನ ಮಾಡ್ಬೇಕು. ಅಂದ್ಮೇಲೆ ಡಿಸ್ಕ್ ತುಂಬ್ತು ಅಂತ ಅಳಿಸಿದ್ದೂ ತಪ್ಪು, ಮಾಮೂಲಿ ಸೆಟ್ಟಿಂಗಿನ 14 ದಿನವೂ ಸಾಲಲ್ಲ. ಕಂಪ್ರೆಸ್ ಮಾಡಿದ್ರೆ ಲಾಗ್ ಬಹಳ ಚೆನ್ನಾಗಿ ಕುಗ್ಗುತ್ತೆ, ಒಂದೇ ಥರದ ಸಾಲುಗಳಲ್ವಾ, ಹತ್ತರಲ್ಲೊಂದು ಪಾಲಿಗೆ ಇಳಿಯೋದು ಮಾಮೂಲು, ಮುಂಚೆ ಹೇಳಿದ ಲೆಕ್ಕದಲ್ಲಿ 180 ದಿನಕ್ಕೆ 36 ಜಿಬಿ ಆಗೋದು 4 ಜಿಬಿ ಒಳಗೆ ಕೂರುತ್ತೆ. ಅದನ್ನ ವಾರಕ್ಕೊಂದ್ಸಲ ಬೇರೆ ಕಡೆ ಎತ್ತಿಡೋಕೆ ಏನು ಕಷ್ಟ? ಹಂಗಂತ ಎಲ್ಲರಿಗೂ ಕಾಣೋ ಜಾಗದಲ್ಲಿ ಇಡ್ಬೇಡಿ. ನಮ್ಮ ಕಡೆ ಬುಕಿಂಗ್ ಫಾರ್ಮ್‌ಗಳಲ್ಲಿ ಹೆಸರು, ಫೋನ್ ನಂಬರೆಲ್ಲ ಅಡ್ರೆಸ್ ಬಾರಲ್ಲೇ ಹೋಗೋ ಹಂಗೆ ಮಾಡಿರೋದನ್ನ ನೋಡಿದೀನಿ, ಅದೆಲ್ಲ ಹಂಗಂಗೇ ಲಾಗಲ್ಲಿ ಬಂದು ಕೂತಿರುತ್ತೆ.

ಹಾಸನದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜು, ನಮ್ಮೂರಿನ ಎಐಟಿ, ಪಾಲಿಟೆಕ್ನಿಕ್‌ಗಳ ಮೇಷ್ಟ್ರುಗಳಿಗೂ ಒಂದು ಮಾತು, ಲ್ಯಾಬಲ್ಲಿ ಅರ್ಧ ಗಂಟೆ ಸಿಕ್ರೆ ಹುಡುಗರ ಕೈಲಿ ಇದನ್ನ ಮಾಡಿಸಿ ನೋಡಿ. ಒಂದು ಸ್ಕ್ರಿಪ್ಟ್ ಸೆಕೆಂಡಿಗೊಂದು ಸಾಲು ಫೈಲಿಗೆ ಬರೀತಾ ಇರಲಿ, ಫೈಲನ್ನ ತೆರೆದಿಟ್ಕೊಂಡೇ ಬರೀಬೇಕು. ಪಕ್ಕದ ಎರಡು ಕಿಟಕಿಯಲ್ಲಿ ಫೈಲಿನ ಕೊನೇ ಸಾಲುಗಳನ್ನ ತೋರಿಸೋ ಟೇಲ್ ಕಮಾಂಡು, ಒಂದರಲ್ಲಿ ಸಣ್ಣ ಎಫ್, ಇನ್ನೊಂದರಲ್ಲಿ ದೊಡ್ಡ ಎಫ್ ಹಾಕಿ. ಈಗ ಫೈಲಿನ ಹೆಸರು ಬದಲಾಯಿಸಿ ಅದೇ ಹಳೇ ಹೆಸರಲ್ಲಿ ಇನ್ನೊಂದು ಖಾಲಿ ಫೈಲ್ ಮಾಡಿ. ಸಣ್ಣ ಎಫ್ ಕಿಟಕಿಯಲ್ಲಿ ಸಾಲುಗಳು ಬರ್ತಾನೇ ಇರ್ತವೆ, ಅದು ಹಿಡಿದಿರೋದು ಫೈಲನ್ನ; ದೊಡ್ಡ ಎಫ್ ಹೆಸರಿನ ಹಿಂದೆ ಹೋಗೋದು, ಹೊಸ ಫೈಲ್ ಮುಂದೆ ಸುಮ್ನೆ ಕೂತಿರುತ್ತೆ. ಬೋರ್ಡ್ ಮೇಲೆ ಐನೋಡ್ ಚಿತ್ರ ಎಷ್ಟು ಬರೆದ್ರೂ ತಲೆಗೆ ಹೋಗದ್ದು ಇದರಲ್ಲಿ ಹೋಗುತ್ತೆ.

ಸಂಪಾದಕರೇ, ನಿಮ್ಮ ವರದಿಗಾರರು ಮುಂದಿನ ಸಲ 'ಸರ್ವರ್ ಡೌನ್' ಬರೆಯೋವಾಗ ದಯವಿಟ್ಟು ಡಿಸ್ಕ್ ತುಂಬಿತ್ತಾ ಅಂತ ಒಂದು ಪ್ರಶ್ನೆ ಕೇಳ್ಲಿ, ಉತ್ತರ ಏನ್ ಬರುತ್ತೋ ಅದನ್ನೂ ಹಾಕಿ. ಹೋಂಸ್ಟೇ ಮಾಲೀಕರು, ಸೊಸೈಟಿ ಸೆಕ್ರೆಟರಿಗಳು ವರ್ಷಾವರ್ಷ ಎಎಂಸಿಗೆ (ವಾರ್ಷಿಕ ನಿರ್ವಹಣೆ ಒಪ್ಪಂದ) ಸೈನ್ ಹಾಕ್ತೀರಲ್ಲ, ಅದರಲ್ಲಿ 'ಸರ್ವರ್ ನಿರ್ವಹಣೆ' ಅಂತ ಎರಡು ಪದ ಬಿಟ್ರೆ ಏನೂ ಇರಲ್ಲ, ಈ ಸಲ ಸೈನ್ ಹಾಕೋಕೆ ಮುಂಚೆ ಈ ಸಾಲು ಸೇರಿಸಿ ಅನ್ನಿ, ಬೇಕಾದ್ರೆ ಪತ್ರಿಕೆ ಕತ್ತರಿಸಿ ಅಂಟಿಸಿ: 'ಎಲ್ಲಾ ವೆಬ್‌ಸೈಟ್‌ಗಳ ಲಾಗ್ ಫೈಲ್‌ಗಳನ್ನು, ಅವು ಯಾವ ಫೋಲ್ಡರಿನಲ್ಲಿದ್ದರೂ, ಸೇವೆ ನಿಲ್ಲಿಸದೆ ಪ್ರತಿದಿನ ತಿರುಗಿಸತಕ್ಕದ್ದು, 180 ದಿನ ಕಂಪ್ರೆಸ್ ಮಾಡಿ ಇಡತಕ್ಕದ್ದು, ಡಿಸ್ಕ್ 80% ತುಂಬಿದಾಗ ಮಾಲೀಕರಿಗೆ ಮೆಸೇಜ್ ಬರತಕ್ಕದ್ದು.' ಸೈನ್ ಆದ ದಿನವೇ ಅವರ ಪಕ್ಕ ಕೂತು ಲಾಗ್‌ರೊಟೇಟನ್ನ ಮೊದಲು ಡೀಬಗ್ ಮೋಡಲ್ಲಿ (ಏನೂ ಮುಟ್ಟದೆ ಏನ್ ಮಾಡುತ್ತೆ ಅಂತ ತೋರಿಸೋದು), ಆಮೇಲೆ ಫೋರ್ಸ್ ಕೊಟ್ಟು ನಿಜವಾಗ್ಲೂ ಒಂದ್ಸಲ ಓಡಿಸಿ ತೋರ್ಸಿ ಅನ್ನಿ, ಅಷ್ಟು ಹೊತ್ತೂ ನಿಮ್ಮ ಮೊಬೈಲಲ್ಲಿ ನಿಮ್ಮ ಸೈಟ್ ತೆಗೆದಿಟ್ಕೊಂಡು ರಿಫ್ರೆಶ್ ಒತ್ತುತಾ ಇರಿ.

ಇಂತಿ,
ಸರ್ವರ್ ನೋಡ್ಕೊಳ್ಳೋ ಒಬ್ಬ ಓದುಗ, ಚಿಕ್ಕಮಗಳೂರು